ವಿಶ್ವವಿದ್ಯಾಲಯದ ಸಭೆಯಲ್ಲಿ ಕೂರುವವರು ಯಾರು, ಕೈಯೆತ್ತುವವರು ಯಾರು? – ತಾಳಮಲೆಯ ಪೋಷಕರಿಗೊಂದು ವಿವರಣೆ

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಲೆಯ ಹುಡುಗಿಯೊಬ್ಬಳು ಪದವಿ ತರಗತಿಗೆ ಸೇರಲು ಅರ್ಜಿ ತುಂಬುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ತಾಳವಾಡಿಯ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜೇ ಆಗಲಿ, ದಿಂಬದ ಇಪ್ಪತ್ತೇಳು ತಿರುವುಗಳನ್ನು ಇಳಿದು ಸೇರುವ ಬಯಲುಸೀಮೆಯ ಕಾಲೇಜೇ ಆಗಲಿ, ಅರ್ಜಿಯಲ್ಲಿ ಒಂದು ಕಡೆ ಆಕೆಯ ಪೆನ್ನು ನಿಲ್ಲುತ್ತದೆ. ಅದು ‘ಭಾಗ ಒಂದು – ಭಾಷೆ’ ಎಂಬ ಸಾಲು. ತಮಿಳುನಾಡಿನ ಕಲಾ ಮತ್ತು ವಿಜ್ಞಾನ ಪದವಿಗಳಲ್ಲಿ ಮೊದಲ ಭಾಗ ತಮಿಳು ಅಥವಾ ಇನ್ನೊಂದು ಭಾಷೆ, ಎರಡನೆಯದು ಇಂಗ್ಲಿಷು, ಮೂರನೆಯದು ಮುಖ್ಯ ವಿಷಯ. ಹನ್ನೆರಡನೆಯ ತರಗತಿಯವರೆಗೆ ತಮಿಳು ಓದದೆ, ಮೊದಲ ಭಾಗದಲ್ಲಿ ಬೇರೆ ಭಾಷೆ ತೆಗೆದುಕೊಂಡವರು ನಾಲ್ಕನೆಯ ಭಾಗದಲ್ಲಿ ಪ್ರಾಥಮಿಕ ಮಟ್ಟದ ತಮಿಳಿನ ಎರಡು ಪತ್ರಿಕೆಗಳನ್ನು ಮುಗಿಸಬೇಕೆಂಬ ನಿಯಮವೂ ಇದೆ. ಈ ನಿಯಮಗಳನ್ನು ಬರೆದವರು ಯಾರು? ಎಲ್ಲಿ ಕುಳಿತು, ಎಷ್ಟು ಜನರು ಒಪ್ಪಿ ಇವನ್ನು ಜಾರಿಗೆ ತಂದರು? ಅರ್ಜಿ ತುಂಬುವ ಆತುರದಲ್ಲಿ ಈ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಕಾಲೇಜಿನ ಗುಮಾಸ್ತರನ್ನು ಕೇಳಿದರೆ, ‘ಯೂನಿವರ್ಸಿಟಿ ರೂಲು’ ಎಂಬ ಎರಡು ಪದಗಳಲ್ಲಿ ಉತ್ತರ ಮುಗಿಯುತ್ತದೆ.

ಆ ಎರಡು ಪದಗಳ ಹಿಂದೆ ಒಂದು ಸಭೆಯಿದೆ. ಸಭೆಗೆ ಸದಸ್ಯರಿದ್ದಾರೆ. ಬರುವವರಿದ್ದಾರೆ, ಬಾರದವರಿದ್ದಾರೆ. ಎಷ್ಟು ಮಂದಿ ಬಂದರೆ ಸಭೆ ಸಭೆಯೆನಿಸಿಕೊಳ್ಳುತ್ತದೆ, ಎಷ್ಟು ಮಂದಿ ಒಪ್ಪಿದರೆ ನಿರ್ಣಯ ನಿರ್ಣಯವಾಗುತ್ತದೆ ಎಂಬುದಕ್ಕೆ ಕಾನೂನಿದೆ. ಆ ಕಾನೂನನ್ನು ತಿಳಿಯಾಗಿ ಹೇಳುವುದು ಈ ಬರಹದ ಕೆಲಸ.

ಗ್ರಾಮಸಭೆಯಿಂದ ಆರಂಭಿಸೋಣ

ವಿಷಯ ದೂರದ್ದೆನಿಸಿದರೂ ಅದರ ಲೆಕ್ಕ ನಮಗೆ ಹೊಸದಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಮ್ಮ ಪಂಚಾಯತಿಗಳಲ್ಲಿ ಗ್ರಾಮಸಭೆ ಸೇರುತ್ತದೆ. ಈಚೆಗೆ ಮಾರ್ಚ್ 22 ಮತ್ತು ನವೆಂಬರ್ 1 ಕೂಡ ಈ ಪಟ್ಟಿಗೆ ಸೇರಿವೆ. ಗ್ರಾಮಸಭೆಯ ತಮಿಳು ಕಾಗದಗಳಲ್ಲಿ ‘ಕುರೈವೆಣ್ ವರಂಬು’ ಎಂಬ ಮಾತು ಬರುವುದನ್ನು ಕೆಲವರಾದರೂ ಗಮನಿಸಿರಬಹುದು. ಅದೇ ಕನ್ನಡದ ಗಣಪೂರ್ತಿ, ಆಡುಮಾತಿನ ಕೋರಂ. ತಮಿಳುನಾಡಿನ ನಿಯಮದಂತೆ ಪಂಚಾಯತಿಯ ಜನಸಂಖ್ಯೆ 500ರೊಳಗಿದ್ದರೆ 50 ಮಂದಿ, 501ರಿಂದ 3,000ದವರೆಗೆ 100 ಮಂದಿ, 3,001ರಿಂದ 10,000ದವರೆಗೆ 200 ಮಂದಿ, ಅದಕ್ಕೂ ಹೆಚ್ಚಿದ್ದರೆ 300 ಮಂದಿ ಹಾಜರಿರಬೇಕು. ಅಷ್ಟು ಜನರಿಲ್ಲದೆ ಮಾಡಿದ ನಿರ್ಣಯಕ್ಕೆ ಬಲವಿಲ್ಲ.

ಕೋರಂ ಎಂಬುದು ಹುಟ್ಟಿಕೊಂಡದ್ದೇ ಇದಕ್ಕಾಗಿ. ನಾಲ್ಕಾರು ಮಂದಿ ಸದ್ದಿಲ್ಲದೆ ಸೇರಿ ನೂರಾರು ಮಂದಿಯ ಹೆಸರಿನಲ್ಲಿ ತೀರ್ಮಾನ ಬರೆದುಬಿಡಬಾರದು. ಹಾಗೆಂದು ಎಲ್ಲರೂ ಬಂದ ಮೇಲೆಯೇ ಸಭೆ ನಡೆಯಬೇಕೆಂದರೆ ಯಾವ ಸಭೆಯೂ ನಡೆಯದು. ಇವೆರಡರ ನಡುವೆ ಕಾನೂನು ಎಲ್ಲೋ ಒಂದು ಗೆರೆ ಎಳೆಯಬೇಕಾಗುತ್ತದೆ. ಆ ಗೆರೆ ನಾವೆಣಿಸುವುದಕ್ಕಿಂತ ಬಹಳ ಕೆಳಗಿರುತ್ತದೆ ಎಂಬುದು ಬೇರೆ ಮಾತು. ಸಂವಿಧಾನದ 100ನೆಯ ವಿಧಿಯ ಪ್ರಕಾರ ಸಂಸತ್ತಿನ ಪ್ರತಿ ಸದನಕ್ಕೆ ಒಟ್ಟು ಸದಸ್ಯರ ಹತ್ತನೆಯ ಒಂದು ಪಾಲು ಸಾಕು. 543 ಸ್ಥಾನಗಳ ಲೋಕಸಭೆಗೆ 55 ಮಂದಿ. 234 ಸ್ಥಾನಗಳ ತಮಿಳುನಾಡು ವಿಧಾನಸಭೆಗೆ 24 ಮಂದಿ.

ಇನ್ನೂ ಹತ್ತಿರದ ಸಭೆಯೊಂದಿದೆ. ನಮ್ಮ ಮಕ್ಕಳ ಶಾಲೆಯ ಆಡಳಿತ ಸಮಿತಿ, ತಮಿಳಿನಲ್ಲಿ ‘ಪಳ್ಳಿ ಮೇಲಾಣ್ಮೈ ಕುಳು’. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಇದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಾನು ಕಂಡ ಒಂದು ಶಾಲೆಯಲ್ಲಿ – ಹೆಸರು ಬೇಡ – ಸಭೆಯ ದಿನ ಬಂದವರು ಐದು ಜನ. ಮರುದಿನ ಹಾಜರಿ ಪುಸ್ತಕ ಮನೆಮನೆಗೆ ಹೋಯಿತು. ಹೊಲದಲ್ಲಿ ಎಲೆಕೋಸು ಕೀಳುತ್ತಿದ್ದ ತಾಯಂದಿರು ಮಣ್ಣು ಮೆತ್ತಿದ ಕೈ ಒರೆಸಿಕೊಂಡು ಸಹಿ ಹಾಕಿದರು. ಪುಸ್ತಕದಲ್ಲಿ ಸಭೆ ತುಂಬಿತು. ಯಾರ ಮೇಲೂ ಕೋಪದಿಂದ ಇದನ್ನು ಹೇಳುತ್ತಿಲ್ಲ. ಕೂಲಿ ಬಿಟ್ಟು ಸಭೆಗೆ ಬರುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಆದರೆ ಆ ಸಹಿಗಳ ಮೇಲುಗಡೆ ಒಂದು ನಿರ್ಣಯವಿತ್ತು, ಸಹಿ ಹಾಕಿದವರಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ. ಬಾರದವರ ಹೆಸರು ಬಂದವರ ತೀರ್ಮಾನಕ್ಕೆ ಬಲವಾಗಿ ಒದಗುವುದು ಹೀಗೆ. ವಿಶ್ವವಿದ್ಯಾಲಯದಲ್ಲಿ ಮನೆಮನೆಗೆ ಪುಸ್ತಕ ಹೋಗಬೇಕಾಗಿಲ್ಲ; ಬಾರದವರ ಬಲವನ್ನು ಬಂದವರಿಗೆ ಕೊಡುವ ಕೆಲಸವನ್ನು ಅಲ್ಲಿ ಕಾನೂನಿನ ಲೆಕ್ಕವೇ ಮಾಡುತ್ತದೆ.

ಕೊಯಮತ್ತೂರಿನ ಮೇಜು

ಈರೋಡು ಜಿಲ್ಲೆಯ ಕಲಾ ಮತ್ತು ವಿಜ್ಞಾನ ಕಾಲೇಜುಗಳು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. 1981ರ ಭಾರತಿಯಾರ್ ವಿಶ್ವವಿದ್ಯಾಲಯ ಕಾಯ್ದೆಯಡಿ 1982ರಲ್ಲಿ ಅದು ಆರಂಭವಾಯಿತು. ರಾಜ್ಯಪಾಲರು ಅದರ ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಹಕುಲಾಧಿಪತಿಗಳು, ದಿನನಿತ್ಯದ ಆಡಳಿತದ ಮುಖ್ಯಸ್ಥರು ಕುಲಪತಿಗಳು. ತಮಿಳು ಪತ್ರಿಕೆಗಳಲ್ಲಿ ‘ವೇಂದರ್’ ಎಂದರೆ ಕುಲಾಧಿಪತಿ, ‘ತುಣೈವೇಂದರ್’ ಎಂದರೆ ಕುಲಪತಿ. ಎರಡೂ ಭಾಷೆಯ ಪತ್ರಿಕೆ ಓದುವ ನಮ್ಮ ಮನೆಗಳಲ್ಲಿ ಈ ಹೆಸರುಗಳು ಆಗಾಗ ಅದಲುಬದಲಾಗುತ್ತವೆ.

ವಿಶ್ವವಿದ್ಯಾಲಯಕ್ಕೆ ಒಂದೇ ಸಭೆಯಿಲ್ಲ. ದೊಡ್ಡದು ಸೆನೆಟ್. ಅಧಿಕಾರಿಗಳು, ಪ್ರಾಂಶುಪಾಲರು, ಅಧ್ಯಾಪಕರ ಪ್ರತಿನಿಧಿಗಳು, ನಾಮನಿರ್ದೇಶಿತರು ಮುಂತಾಗಿ ಬಹಳ ಮಂದಿ ಸೇರುವ ಸಭೆ ಅದು. ಚಿಕ್ಕದಾದರೂ ಬಲಶಾಲಿಯಾದುದು ಸಿಂಡಿಕೇಟ್, ತಮಿಳಿನ ‘ಆಟ್ಚಿಕ್ಕುಳು’. ಹಣ, ನೇಮಕ, ಆಸ್ತಿ, ಕಾಲೇಜುಗಳ ಸಂಯೋಜನೆ ಎಲ್ಲವೂ ಕೊನೆಗೆ ಅಲ್ಲಿಗೆ ಬಂದು ಮುಟ್ಟುತ್ತವೆ. ಪಠ್ಯದ ವಿಷಯ ಮಾತ್ರ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಒಂದೊಂದು ವಿಷಯಕ್ಕೂ, ಒಂದೊಂದು ಭಾಷೆಗೂ ಅಧ್ಯಯನ ಮಂಡಳಿಯಿರುತ್ತದೆ. ಅಲ್ಲಿ ಪಠ್ಯಕ್ರಮ ಸಿದ್ಧವಾಗಿ, ಶೈಕ್ಷಣಿಕ ವ್ಯವಹಾರಗಳ ಸ್ಥಾಯಿ ಸಮಿತಿಯ ಮುಂದೆ ಹೋಗುತ್ತದೆ. ಬೇರೆ ರಾಜ್ಯಗಳಲ್ಲಿ ವಿದ್ಯಾವಿಷಯಕ ಪರಿಷತ್ತು ಮಾಡುವ ಕೆಲಸವನ್ನು ಇಲ್ಲಿ ಈ ಸ್ಥಾಯಿ ಸಮಿತಿ ಮಾಡುತ್ತದೆ. ಗಡಿಯಾಚೆಯ ಕರ್ನಾಟಕದಲ್ಲಿ ವ್ಯವಸ್ಥೆ ಬೇರೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಸೆನೆಟನ್ನೇ ಕೈಬಿಟ್ಟು, ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿಗೆ ಕೆಲಸ ಹಂಚಿಕೊಟ್ಟಿತು.

ತಮಿಳುನಾಡಿನ ಈ ಬಗೆಯ ಕಾಯ್ದೆಗಳಲ್ಲಿ ಸೆನೆಟ್ ವರ್ಷಕ್ಕೆ ಕಡಿಮೆಯೆಂದರೆ ಎರಡು ಬಾರಿ ಸೇರಬೇಕು. ಅದರ ಕೋರಂ ಒಟ್ಟು ಸದಸ್ಯಬಲದ ಮೂರನೆಯ ಒಂದು ಪಾಲು. ಪದವಿ ಪ್ರದಾನದ ಘಟಿಕೋತ್ಸವಕ್ಕೆ ಮಾತ್ರ ಈ ಕೋರಂ ಬೇಕಿಲ್ಲ. ಸೆನೆಟ್ ಸದಸ್ಯರು ಬರಲಿಲ್ಲವೆಂದು ಮಕ್ಕಳ ಪದವಿ ನಿಲ್ಲಬಾರದಲ್ಲ!

ಈಗ ಲೆಕ್ಕ ಹಾಕೋಣ. ತಿಳಿಯಲು ಸುಲಭವಾಗಲೆಂದು 90 ಮಂದಿಯ ಸೆನೆಟ್ ಒಂದನ್ನು ಊಹಿಸಿಕೊಳ್ಳಿ. ಮೂರನೆಯ ಒಂದು ಪಾಲೆಂದರೆ 30. ಸರಿಯಾಗಿ ಮೂವತ್ತು ಮಂದಿ ಬಂದು ಎಲ್ಲರೂ ಮತ ಹಾಕಿದರೆಂದರೆ 16 ಮತ ಬಿದ್ದ ಪಕ್ಷ ಗೆದ್ದಿತು. ಆ ಮೂವತ್ತರಲ್ಲಿ ಹತ್ತು ಮಂದಿ ‘ನಮಗೇಕೆ ಬೇಕು’ ಎಂದು ತಟಸ್ಥರಾದರೆ ಉಳಿದ ಇಪ್ಪತ್ತರಲ್ಲಿ 11 ಮತ ಸಾಕು. ತೊಂಬತ್ತು ಮಂದಿಯ ಸಭೆಯ ಹೆಸರಿನಲ್ಲಿ ಹನ್ನೊಂದು ಮಂದಿ ತೀರ್ಮಾನ ಮಾಡಬಹುದು. ಅದು ಪೂರ್ತಿ ಕಾನೂನುಬದ್ಧವೂ ಹೌದು.

ಇದಕ್ಕೆ ಕಾರಣ ಕಾಯ್ದೆಗಳಲ್ಲಿ ಬರುವ ಒಂದು ಚಿಕ್ಕ ಮಾತು: ‘ಹಾಜರಿದ್ದು ಮತ ಚಲಾಯಿಸಿದ ಸದಸ್ಯರ ಬಹುಮತ’. ಇದನ್ನು ‘ಹಾಜರಿದ್ದ ಸದಸ್ಯರ ಬಹುಮತ’ ಎಂದೋ, ‘ಒಟ್ಟು ಸದಸ್ಯರ ಬಹುಮತ’ ಎಂದೋ ಓದಿಕೊಂಡರೆ ಲೆಕ್ಕವೇ ತಲೆಕೆಳಗು. ಒಂಬತ್ತು ಮಂದಿ ಹಾಜರಿರುವ ಸಮಿತಿಯಲ್ಲಿ ನಾಲ್ವರು ಪರ, ಮೂವರು ವಿರೋಧ, ಇಬ್ಬರು ತಟಸ್ಥ ಎನ್ನೋಣ. ‘ಹಾಜರಿದ್ದು ಮತ ಚಲಾಯಿಸಿದವರು’ ಏಳು ಮಂದಿ, ಅದರಲ್ಲಿ ನಾಲ್ಕು ಬಹುಮತ; ನಿರ್ಣಯ ಪಾಸಾಯಿತು. ‘ಹಾಜರಿದ್ದವರ ಬಹುಮತ’ ಎಂದಿದ್ದರೆ ಐದು ಮತ ಬೇಕಿತ್ತು; ನಿರ್ಣಯ ಬಿತ್ತು. ಮೊದಲನೆಯ ನಿಯಮದಲ್ಲಿ ತಟಸ್ಥನಾಗಿ ಕೂತವನು ಎದ್ದುಹೋದವನಿಗೆ ಸಮ. ಎರಡನೆಯದರಲ್ಲಿ ಅವನು ವಿರೋಧಿಸಿದವನಿಗೆ ಸಮ. ಅದೇ ಮೌನ, ಅದೇ ಕುರ್ಚಿ. ನಿಯಮದ ಒಂದು ಪದ ಅದರ ಅರ್ಥವನ್ನು ಬದಲಾಯಿಸಿಬಿಡುತ್ತದೆ. ತೀರ ಗಂಭೀರವಾದ ವಿಷಯಗಳಿಗೆ ಕಾನೂನು ಎರಡು ಬೀಗ ಹಾಕುವುದೂ ಉಂಟು. ಸಂವಿಧಾನ ತಿದ್ದುಪಡಿಗೆ ಪ್ರತಿ ಸದನದ ಒಟ್ಟು ಸದಸ್ಯರ ಬಹುಮತ ಬೇಕು, ಜೊತೆಗೆ ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೆಯ ಎರಡು ಪಾಲೂ ಬೇಕು.

ಮತ ಸಮಸಮವಾದರೆ? ಸಿಂಡಿಕೇಟಿನ ಅಧ್ಯಕ್ಷತೆ ವಹಿಸುವವರು ಕುಲಪತಿ. ಅವರಿಲ್ಲದಿದ್ದರೆ ಹಾಜರಿದ್ದ ಸದಸ್ಯರು ತಮ್ಮಲ್ಲೊಬ್ಬರನ್ನು ಆರಿಸಿಕೊಳ್ಳುತ್ತಾರೆ. ಅಧ್ಯಕ್ಷರಿಗೆ ಸದಸ್ಯರಾಗಿ ಒಂದು ಮತವಿದೆ. ಸಮವಾದಾಗ ಎರಡನೆಯ ಮತವನ್ನೂ, ಅಂದರೆ ನಿರ್ಣಾಯಕ ಮತವನ್ನೂ ಅವರು ಚಲಾಯಿಸಬಹುದು. ಚಿಕ್ಕ ಸಮಿತಿಗಳಲ್ಲಿ ಇದರ ತೂಕ ಬಹಳ. ಎಂಟು ಮಂದಿ ಬಂದ ಸಭೆಯಲ್ಲಿ ಅಧ್ಯಕ್ಷರೂ ಸೇರಿ ನಾಲ್ವರು ಒಂದು ಕಡೆಗಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ಕೂರಬಹುದು, ಮಾತಾಡಬಹುದು, ಕೈಯೆತ್ತುವಂತಿಲ್ಲ

ಸಭೆಯಲ್ಲಿ ಕಾಣುವವರೆಲ್ಲ ಮತದಾರರಲ್ಲ. ವಿಷಯ ಬಲ್ಲವರನ್ನು ಸಲಹೆಗೆಂದು ಸಿಂಡಿಕೇಟ್ ಕರೆಸಿಕೊಳ್ಳಬಹುದು. ಅವರು ಮಾತಾಡಬಹುದು, ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಹಾಕುವಂತಿಲ್ಲ. ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಇದು ತೆರೆದಿರುವ ಒಂದು ಕಿಟಕಿ. ಕನ್ನಡ ಪಠ್ಯದ ಪ್ರಶ್ನೆ ಬಂದಾಗ ಕನ್ನಡ ಬಲ್ಲವರನ್ನು ಕರೆಸಿ ಕೇಳಿ ಎಂದು ಒತ್ತಾಯಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಕಿಟಕಿಯ ಹೊರಗೆ ನಿಂತು ಮಾತಾಡಿದ್ದಕ್ಕೂ ಒಳಗೆ ಕುಳಿತು ಕೈಯೆತ್ತಿದ್ದಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬಾರದು.

ಇನ್ನೊಂದು ಅಂತರವೂ ಇದೆ. ಸಿಂಡಿಕೇಟಿನಲ್ಲಿ ಸರ್ಕಾರದ ಇಲಾಖಾ ಕಾರ್ಯದರ್ಶಿಗಳು ಪದನಿಮಿತ್ತ ಸದಸ್ಯರು, ಅಂದರೆ ಹುದ್ದೆಯ ಕಾರಣದಿಂದಲೇ ಸದಸ್ಯರಾದವರು. ಅವರಿಗೆ ಬರಲಾಗದಿದ್ದರೆ ಉಪಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರನ್ನು ಕಳಿಸಲು ತಮಿಳುನಾಡಿನ ಕಾಯ್ದೆಗಳು ಅವಕಾಶ ಕೊಟ್ಟಿವೆ. ಚುನಾಯಿತರಾಗಿ ಬಂದ ಅಧ್ಯಾಪಕ ಸದಸ್ಯನಿಗೆ ಈ ಅನುಕೂಲವಿಲ್ಲ. ಅವನಿಗೆ ಜ್ವರ ಬಂದರೆ ಅವನ ಕುರ್ಚಿ ಖಾಲಿ, ಅವನ ಮತ ಇಲ್ಲ. ಸರ್ಕಾರದ ಕುರ್ಚಿ ಮಾತ್ರ ಖಾಲಿಯಾಗಬೇಕಾದ ಪ್ರಮೇಯವೇ ಇಲ್ಲ. ಹೀಗಾಗಿ ಹಾಜರಿ ಕಡಿಮೆಯಾದ ದಿನ ಸರ್ಕಾರದ ಪಾಲು ತಾನಾಗಿ ಹಿಗ್ಗುತ್ತದೆ.

ಸ್ಥಾನ ಖಾಲಿಯಿರುವುದಕ್ಕೂ ಸದಸ್ಯ ಬಾರದಿರುವುದಕ್ಕೂ ವ್ಯತ್ಯಾಸವಿದೆ. ಒಂದು ಸ್ಥಾನಕ್ಕೆ ಇನ್ನೂ ಯಾರನ್ನೂ ಆರಿಸಿಲ್ಲ, ನಾಮಕರಣ ಮಾಡಿಲ್ಲ ಎಂಬ ಒಂದೇ ಕಾರಣಕ್ಕೆ ಸಭೆಯ ತೀರ್ಮಾನ ಅಸಿಂಧುವಾಗುವುದಿಲ್ಲ ಎಂದು ಇಂಥ ಕಾಯ್ದೆಗಳು ಸಾಮಾನ್ಯವಾಗಿ ಹೇಳುತ್ತವೆ. ಕೋರಂ ಇಲ್ಲದಿದ್ದರೆ ಮಾತ್ರ ತೀರ್ಮಾನ ನಿಲ್ಲುವುದಿಲ್ಲ. ವರ್ಷಗಟ್ಟಲೆ ಸ್ಥಾನ ತುಂಬದೆಯೂ ಸಂಸ್ಥೆ ನಡೆಯಬಲ್ಲದು ಎಂಬ ಸ್ಥಿತಿ ಹುಟ್ಟುವುದು ಇಲ್ಲಿಂದಲೇ.

ಬಾರದಿರುವುದೂ ಒಂದು ನಡೆ: ಕೇರಳದ ಪ್ರಸಂಗ

ಹಾಜರಿಯ ನಿಯಮಗಳು ಬರಿಯ ಕಾಗದದ ವಿಷಯ ಎಂದುಕೊಳ್ಳುವವರು ನಮ್ಮ ಪಕ್ಕದ ಕೇರಳದಲ್ಲಿ 2022ರಲ್ಲಿ ನಡೆದದ್ದನ್ನು ನೋಡಬೇಕು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿಯನ್ನು ಹುಡುಕುವ ಸಮಿತಿಗೆ ಸೆನೆಟ್ ತನ್ನ ಪ್ರತಿನಿಧಿಯನ್ನು ಕಳಿಸಬೇಕಾಗಿತ್ತು. ಕುಲಾಧಿಪತಿಗಳಾಗಿದ್ದ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಅವರು ಪ್ರತಿನಿಧಿಗಾಗಿ ಕಾಯದೆ ಸಮಿತಿ ರಚಿಸಿದ್ದನ್ನು ಸೆನೆಟಿನ ಬಹುಸಂಖ್ಯಾತರು ಒಪ್ಪಲಿಲ್ಲ. ಅಕ್ಟೋಬರ್ 11ರಂದು ಸೆನೆಟ್ ಸೇರಬೇಕಾದ ದಿನ ಕೋರಂಗೆ ಬೇಕಾದಷ್ಟು ಮಂದಿ ಬರಲೇ ಇಲ್ಲ. ಸಭೆ ನಡೆಯಲಿಲ್ಲ, ಪ್ರತಿನಿಧಿಯೂ ಆಯ್ಕೆಯಾಗಲಿಲ್ಲ. ಕೆಲವೇ ದಿನಗಳಲ್ಲಿ ರಾಜ್ಯಪಾಲರು ತಾವು ನಾಮಕರಣ ಮಾಡಿದ್ದವರಲ್ಲಿ ಗೈರುಹಾಜರಾದ 15 ಮಂದಿಯ ಸದಸ್ಯತ್ವವನ್ನು ಹಿಂದಕ್ಕೆ ಪಡೆದರು. ಆ ಸದಸ್ಯರು ಹೈಕೋರ್ಟಿಗೆ ಹೋದರು. 2023ರ ಮಾರ್ಚಿನಲ್ಲಿ ಕೇರಳ ಹೈಕೋರ್ಟು ರಾಜ್ಯಪಾಲರ ಆದೇಶವನ್ನು ರದ್ದುಮಾಡಿತು.

ಎರಡು ವರ್ಷವೂ ತುಂಬುವ ಮೊದಲು, 2024ರ ಫೆಬ್ರವರಿಯಲ್ಲಿ, ಅದೇ ಸೆನೆಟ್ ಮತ್ತೆ ಸೇರಿತು. ಆಗ ಜಗಳ ಹಾಜರಿಯದಲ್ಲ. ಅಧ್ಯಕ್ಷತೆ ಯಾರದು ಎಂಬುದು. ಸಹಕುಲಾಧಿಪತಿಯಾದ ಸಚಿವೆ ಅಧ್ಯಕ್ಷತೆ ವಹಿಸಿದ್ದು ಸರಿಯೇ, ಆ ಹಕ್ಕು ಕುಲಪತಿಯದಲ್ಲವೇ ಎಂಬ ಗದ್ದಲದಲ್ಲೇ ಸಭೆ ಮುಗಿಯಿತು.

ಯಾರ ಪಕ್ಷ ಸರಿ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಗಮನಿಸಬೇಕಾದ್ದು ಇದು: ಬಹುಮತದ ಬಲವಿದ್ದವರೂ ಮತ ಹಾಕಿ ಗೆಲ್ಲುವ ಬದಲು ಮನೆಯಲ್ಲೇ ಉಳಿದು ಗೆಲ್ಲುವ ದಾರಿಯನ್ನು ಆರಿಸಿಕೊಂಡರು. ಕೋರಂ ನಾಲ್ಕಾರು ಮಂದಿ ಎಲ್ಲರ ಹೆಸರಿನಲ್ಲಿ ತೀರ್ಮಾನ ಮಾಡದಂತೆ ತಡೆಯಲು ಹುಟ್ಟಿದ ನಿಯಮ. ಅದನ್ನು ಬಾಗಿಲಿಗೆ ಹಾಕುವ ಅಗುಳಿಯಾಗಿಯೂ ಬಳಸಬಹುದು. ಗೈರುಹಾಜರಿಗೆ ದಂಡನೆಯೂ ಎಲ್ಲೆಡೆ ಒಂದೇ ಬಗೆಯದಲ್ಲ. ಸಂಸತ್ ಸದಸ್ಯರು ಸದನದ ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಅವರ ಸ್ಥಾನವನ್ನು ಖಾಲಿಯೆಂದು ಸದನ ಘೋಷಿಸಬಹುದು ಎಂದು ಸಂವಿಧಾನದ 101ನೆಯ ವಿಧಿ ಹೇಳುತ್ತದೆ. ಕಂಪನಿಯ ನಿರ್ದೇಶಕನೊಬ್ಬ ಹನ್ನೆರಡು ತಿಂಗಳು ಮಂಡಳಿಯ ಒಂದು ಸಭೆಗೂ ಬಾರದಿದ್ದರೆ ಅವನ ಸ್ಥಾನ ತಾನಾಗಿ ಹೋಗುತ್ತದೆ. ವಿಶ್ವವಿದ್ಯಾಲಯದ ಸದಸ್ಯರ ಹಾಜರಿಯ ಮೇಲೆ ಕಣ್ಣಿಡಲು ಸಾರ್ವಜನಿಕರೇ ಮುಂದಾಗಬೇಕಾದ ಸಂದರ್ಭಗಳು ಬರುತ್ತವೆ.

ಕಾಸರಗೋಡಿನ ನಮ್ಮವರ ಅನುಭವವೂ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಕಣ್ಣೂರು ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ತನ್ನದೇ ಅಧ್ಯಯನ ಮಂಡಳಿಯಿದೆ. ದೊಡ್ಡ ಸೆನೆಟಿನಲ್ಲಿ ಒಂದು ಕುರ್ಚಿಗಿಂತ ಚಿಕ್ಕ ಅಧ್ಯಯನ ಮಂಡಳಿಯಲ್ಲಿ ಎಲ್ಲ ಕುರ್ಚಿಗಳೂ ವಿಷಯ ಬಲ್ಲವರದಾಗಿರುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಯಾವ ಕವಿ, ಯಾವ ಕಾದಂಬರಿ, ಯಾವ ವ್ಯಾಕರಣ ಎಂಬುದು ತೀರ್ಮಾನವಾಗುವುದು ಆ ಚಿಕ್ಕ ಮೇಜಿನ ಸುತ್ತಲೇ. ತಾಳಮಲೆಯಲ್ಲಿ ನಾವು ಸಾಮಾನ್ಯವಾಗಿ ದೊಡ್ಡ ಬಾಗಿಲನ್ನೇ ತಟ್ಟುತ್ತೇವೆ. ಮಂತ್ರಿಗಳಿಗೆ, ಶಾಸಕರಿಗೆ, ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತೇವೆ. ಚಿಕ್ಕ ಬಾಗಿಲು ಎಲ್ಲಿದೆ ಎಂದು ಹುಡುಕುವುದಿಲ್ಲ.

ಕುಲಪತಿಯಿಲ್ಲದ ವರ್ಷಗಳು

ನಮ್ಮ ಮಕ್ಕಳಿಗೆ ಸಂಬಂಧಿಸಿದ ಭಾರತಿಯಾರ್ ವಿಶ್ವವಿದ್ಯಾಲಯದ ಕತೆ ಇನ್ನೂ ಹತ್ತಿರದ್ದು. 2022ರ ಅಕ್ಟೋಬರಿನಲ್ಲಿ ಆಗಿನ ಕುಲಪತಿಯ ಅವಧಿ ಮುಗಿಯಿತು. ಹೊಸಬರ ನೇಮಕ ಆಗಲಿಲ್ಲ. ಹುಡುಕಾಟ ಸಮಿತಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ ಪ್ರತಿನಿಧಿ ಇರಬೇಕೇ ಬೇಡವೇ ಎಂಬ ವಿಷಯದಲ್ಲಿ ರಾಜ್ಯಪಾಲರಿಗೂ ರಾಜ್ಯ ಸರ್ಕಾರಕ್ಕೂ ಹಗ್ಗಜಗ್ಗಾಟ ನಡೆಯಿತು. ಕುಲಪತಿಯ ಕೆಲಸಗಳನ್ನು ಸಂಚಾಲಕ ಸಮಿತಿಯೊಂದು ವರ್ಷಗಟ್ಟಲೆ ನೋಡಿಕೊಂಡಿತು. ಈ ಜಗಳ ದೆಹಲಿಗೂ ಹೋಯಿತು. ಕುಲಪತಿಗಳ ನೇಮಕದ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆಗಳೂ ಸೇರಿದಂತೆ ಹತ್ತು ಮಸೂದೆಗಳಿಗೆ ಒಪ್ಪಿಗೆ ದೊರೆತಂತೆಯೇ ಎಂದು 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಹೇಳಿತು. ಮೇ ತಿಂಗಳಲ್ಲಿ ಮದ್ರಾಸು ಹೈಕೋರ್ಟು ಕುಲಪತಿ ನೇಮಕಕ್ಕೆ ಸಂಬಂಧಿಸಿದ ಆ ತಿದ್ದುಪಡಿಗಳಿಗೆ ತಡೆಯಾಜ್ಞೆ ಕೊಟ್ಟಿತು.

ಕುಲಪತಿಯ ಕುರ್ಚಿ ಖಾಲಿಯಾದರೆ ಹಳ್ಳಿಯ ವಿದ್ಯಾರ್ಥಿಗೆ ಏನಾಗುತ್ತದೆ? ತರಗತಿ ನಡೆಯುತ್ತದೆ, ಪರೀಕ್ಷೆಯೂ ನಡೆಯುತ್ತದೆ. ಆದರೆ ಮೇಲೆ ಹೇಳಿದ ನಿಯಮಗಳನ್ನು ಮತ್ತೊಮ್ಮೆ ನೆನೆಯಿರಿ. ಸೆನೆಟಿನ ದಿನಾಂಕ ಗೊತ್ತುಮಾಡುವವರು ಕುಲಪತಿ. ಸಿಂಡಿಕೇಟಿನ ಅಧ್ಯಕ್ಷತೆ ಅವರದು. ಸಮಮತದಲ್ಲಿ ನಿರ್ಣಾಯಕ ಮತ ಅವರದು. ಆ ಒಂದು ಕುರ್ಚಿ ಖಾಲಿಯಾದಾಗ, ಸರ್ಕಾರದ ಪದನಿಮಿತ್ತ ಸದಸ್ಯರ ಕುರ್ಚಿಗಳು ತುಂಬಿಯೇ ಇರುವಾಗ, ಮೇಜಿನ ಸಮತೋಲ ಎತ್ತ ವಾಲುತ್ತದೆ ಎಂಬುದು ಲೆಕ್ಕಕ್ಕೆ ಸಿಗುವ ಸಂಗತಿ. ಹೊಸ ಭಾಷಾ ಪತ್ರಿಕೆ ಬೇಕು, ಹೊಸ ಅಧ್ಯಯನ ಮಂಡಳಿ ಬೇಕು ಎಂಬಂತಹ ಚಿಕ್ಕ ಸಮುದಾಯದ ಬೇಡಿಕೆಗಳು ತುರ್ತಿನ ವಿಷಯಗಳ ಪಟ್ಟಿಯಲ್ಲಿ ಕೊನೆಗೆ ಜಾರುತ್ತವೆ.

ಹಾಗಾದರೆ ಗಡಿ ದಾಟಿ ಚಾಮರಾಜನಗರಕ್ಕೆ ಹೋದರಾಯಿತು ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ, ಹೋಗುವವರೂ ಇದ್ದಾರೆ. ಈರೋಡಿಗಿಂತ ಚಾಮರಾಜನಗರ ನಮಗೆ ಹತ್ತಿರ, ಭಾಷೆಯೂ ನಮ್ಮದೇ. ಅಲ್ಲಿ 2023ರಲ್ಲಿ ಹೊಸ ವಿಶ್ವವಿದ್ಯಾಲಯವೇ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಸಚಿವ ಸಂಪುಟದ ಉಪಸಮಿತಿ, ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಬೀದರನ್ನು ಉಳಿಸಿಕೊಂಡು ಉಳಿದ ಒಂಬತ್ತನ್ನು ಮುಚ್ಚಬಹುದೆಂದು ಸಲಹೆಯಿತ್ತಿತು. ಆ ಒಂಬತ್ತರಲ್ಲಿ ಚಾಮರಾಜನಗರವೂ ಇತ್ತು. ಸಿಂಡಿಕೇಟಿನ ಕೋರಂ, ಬಹುಮತ, ನಿರ್ಣಾಯಕ ಮತ ಇವುಗಳಾವುವೂ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ವಿಶ್ವವಿದ್ಯಾಲಯ ಇರಬೇಕೇ ಎಂಬುದನ್ನು ತೀರ್ಮಾನಿಸುವ ಮೇಜೇ ಬೇರೆ; ಅಲ್ಲಿ ಮತ ಹಾಕುವವರನ್ನು ಆರಿಸುವ ಹಕ್ಕು ಕರ್ನಾಟಕದ ಮತದಾರರಿಗಿದೆ, ನಮಗಿಲ್ಲ. ಗಡಿಯ ಈಚೆ ನಮ್ಮ ಮತವಿದೆ, ಭಾಷೆಗೆ ಬಲ ಕಡಿಮೆ. ಆಚೆ ಭಾಷೆಗೆ ಬಲವಿದೆ, ನಮ್ಮ ಮತವಿಲ್ಲ.

ಕೇಳುವ ದಾರಿ

ಸದಸ್ಯರಲ್ಲದ ನಾವು ಸಭೆಯೊಳಗೆ ನಡೆದದ್ದನ್ನು ತಿಳಿಯಬಹುದೇ? ಖಂಡಿತ ತಿಳಿಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಪ್ರತಿ ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಳಿಗಳ, ಸಮಿತಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡವಳಿಗಳು ಸಾರ್ವಜನಿಕರಿಗೆ ದೊರೆಯುತ್ತವೆಯೇ ಎಂಬುದನ್ನೂ ಹೇಳಬೇಕು ಎನ್ನುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಡನೆ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ, ತೃಪ್ತಿಯಾಗದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ.

ಅರ್ಜಿಯಲ್ಲಿ ‘ಏಕೆ ಕನ್ನಡ ಕೊಟ್ಟಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದು ಅನುಮಾನ. ಕಾಯ್ದೆ ಕೊಡುವುದು ದಾಖಲೆಗಳನ್ನು, ಕಾರಣಗಳ ವಾದವನ್ನಲ್ಲ. ಇಂತಹ ಅವಧಿಯಲ್ಲಿ ಶೈಕ್ಷಣಿಕ ವ್ಯವಹಾರಗಳ ಸ್ಥಾಯಿ ಸಮಿತಿ ಎಷ್ಟು ಬಾರಿ ಸೇರಿತು, ಪ್ರತಿ ಸಭೆಗೆ ಹಾಜರಾದವರ ಪಟ್ಟಿ ಕೊಡಿ, ಭಾಗ ಒಂದರ ಭಾಷೆಗಳ ವಿಷಯ ಬಂದ ಸಭೆಯ ಕಾರ್ಯಸೂಚಿ ಮತ್ತು ನಡವಳಿಯ ಪ್ರತಿ ಕೊಡಿ, ಯಾವ ಯಾವ ಭಾಷೆಗೆ ಅಧ್ಯಯನ ಮಂಡಳಿಗಳಿವೆ ಎಂಬ ಪಟ್ಟಿ ಕೊಡಿ ಎಂದು ಕೇಳಬೇಕು. ಹಾಜರಿ ಪಟ್ಟಿಯೊಂದು ಕೈಗೆ ಬಂದರೆ ಸಾಕು, ಎಷ್ಟು ಮಂದಿಯ ತೀರ್ಮಾನ ಅದೆಂದು ಮಕ್ಕಳೇ ಲೆಕ್ಕ ಹಾಕಿ ಹೇಳಬಲ್ಲರು.

ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ಇಲ್ಲಿ ಅದನ್ನು ತಮಿಳಿನಲ್ಲಿ ಬರೆಯುವುದೇ ಕ್ಷೇಮ. ಇದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ. ನಮ್ಮ ಮಕ್ಕಳಲ್ಲಿ ತಮಿಳು ಚೆನ್ನಾಗಿ ಬರೆಯುವವರು ಮನೆಮನೆಗೂ ಇದ್ದಾರೆ. ಮನವಿಯ ಮಾತು ಬೇರೆ. ಕುಂದುಕೊರತೆ ನಿವಾರಣೆಗೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಪ್ರಾಧಿಕಾರಕ್ಕೆ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸಂವಿಧಾನದ 350ನೆಯ ವಿಧಿ ಸಾರುತ್ತದೆ. ತಾಳಮಲೆಯಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಯಾರೂ ಹೇಳಲಾರರು. ಮನವಿಯನ್ನು ಕನ್ನಡದಲ್ಲಿ ಬರೆದು, ಜೊತೆಗೊಂದು ತಮಿಳು ಪ್ರತಿ ಇಟ್ಟರೆ ಹಕ್ಕೂ ಉಳಿಯಿತು, ಕೆಲಸವೂ ಆಯಿತು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬರಿದ್ದಾರೆ. ಮನವಿಯ ಒಂದು ಪ್ರತಿಯನ್ನು ಅವರಿಗೂ ಕಳಿಸಬಹುದು.

ಮನವಿ ಹೋಗಬೇಕಾದ ಸಮಯವೂ ಮುಖ್ಯ. ಸಭೆಯ ಕಾರ್ಯಸೂಚಿ ಮೊದಲೇ ಸಿದ್ಧವಾಗಿ ಸದಸ್ಯರಿಗೆ ಹೋಗಿರುತ್ತದೆ. ಪಟ್ಟಿಯಲ್ಲಿಲ್ಲದ ವಿಷಯವನ್ನು ಅಧ್ಯಕ್ಷರು ಒಪ್ಪಿದರೆ ಮಾತ್ರ ಎತ್ತಿಕೊಳ್ಳುವುದು ವಾಡಿಕೆ. ಹೊಸ ಪಠ್ಯಕ್ರಮ ಶೈಕ್ಷಣಿಕ ವರ್ಷದ ಆರಂಭದಿಂದ ಜಾರಿಗೆ ಬರಬೇಕಾದ್ದರಿಂದ ಅದರ ಚರ್ಚೆ ಅದಕ್ಕೂ ತಿಂಗಳುಗಳ ಹಿಂದೆಯೇ ಮುಗಿದಿರುತ್ತದೆ. ಜೂನಿನಲ್ಲಿ ಕಾಲೇಜಿನ ಬಾಗಿಲಲ್ಲಿ ನಿಂತು ಕೇಳಿದರೆ ಕಾಲ ಮಿಂಚಿರುತ್ತದೆ. ರಾಗಿ ಕೊಯ್ಲಿನ ಹೊತ್ತಿಗೆ ಬರೆದರೆ ಕಾಗದ ಸರಿಯಾದ ಮೇಜಿಗೆ ಸರಿಯಾದ ಸಮಯಕ್ಕೆ ತಲುಪೀತು. ಮನವಿಯ ಪ್ರತಿಯನ್ನು ಕುಲಸಚಿವರಿಗೆ ಮಾತ್ರ ಕಳಿಸಿ ಸುಮ್ಮನಾಗದೆ, ಅಧ್ಯಾಪಕರ ಪೈಕಿ ಸೆನೆಟಿಗೂ ಸಿಂಡಿಕೇಟಿಗೂ ಚುನಾಯಿತರಾದವರಿಗೂ ಕಳಿಸಬೇಕು. ವಿಷಯವನ್ನು ಸಭೆಯಲ್ಲಿ ಎತ್ತಬಲ್ಲವರು, ಎತ್ತಿದ್ದು ನಡವಳಿಯಲ್ಲಿ ದಾಖಲಾಯಿತೇ ಎಂದು ಮುಂದಿನ ಸಭೆಯಲ್ಲಿ ಕೇಳಬಲ್ಲವರು ಅವರೇ. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು ಸಾಮಾನ್ಯವಾಗಿ ಪ್ರತಿ ಸಭೆಯ ಮೊದಲ ಕೆಲಸ.

ಈ ಅಭ್ಯಾಸವನ್ನು ಮನೆಯ ಹತ್ತಿರವೇ ಆರಂಭಿಸಬಹುದು. ಶಾಲಾ ಆಡಳಿತ ಸಮಿತಿಯ ಮುಂದಿನ ಸಭೆಗೆ ಹೋದಾಗ ಸಹಿ ಹಾಕುವ ಮೊದಲು ಹಿಂದಿನ ಪುಟ ತಿರುಗಿಸಿ, ಕಳೆದ ಸಭೆಯ ನಡವಳಿಯನ್ನು ಗಟ್ಟಿಯಾಗಿ ಓದಿಸಿ. ಹಾಜರಿಯ ಹೆಸರುಗಳನ್ನು ಎಣಿಸಿ. ನಮ್ಮ ಪಂಚಾಯತ್ ಯೂನಿಯನ್ ಶಾಲೆಗಳಂತಹ ಸರ್ಕಾರಿ ಶಾಲೆಗಳ ಸಮಿತಿಗೆ ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವ, ಅನುದಾನದ ಬಳಕೆಯನ್ನು ನೋಡುವ ಅಧಿಕಾರವಿದೆ. ಭಾಷಾ ಅಥವಾ ಧಾರ್ಮಿಕ ಅಲ್ಪಸಂಖ್ಯಾತರು ಸ್ಥಾಪಿಸಿ ನಡೆಸುವ ಶಾಲೆಗಳಲ್ಲಿ ಮತ್ತು ಇತರ ಅನುದಾನಿತ ಶಾಲೆಗಳಲ್ಲಿ ಅದು ಸಲಹೆ ಮಾತ್ರ ನೀಡಬಲ್ಲದು. ನಿಮ್ಮ ಮಗುವಿನ ಶಾಲೆ ಯಾವ ಬಗೆಯದೆಂಬುದನ್ನು ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದುಕೊಳ್ಳಿ.